ಕತ್ತಿನ ಕಪ್ಪು

“ಕಾಲುಜ್ಜೋ ಕಲ್ಲಲ್ಲಿ ಕತ್ತುಜ್ಜಿದ್ಯಲ್ಲವ್ವ! ರಕ್ತ ಬಂದ್ರೂ ಬುಡ್ನಿಲ್ಲ ನೀನು!”

ಮದ್ದೂರಿನ ಚರ್ಮದ ಡಾಕ್ಟರ ಬಾಗಿಲಲ್ಲಿ ಬೆಂಚಿನ ಮೇಲೆ ಸರದಿಗೆ ಕಾದಿದ್ದ ಹೊನ್ನಯ್ಯ ಬೆಚ್ಚಿ ತಿರುಗಿದ. ಒಳಗಿಂದ ಆಗಷ್ಟೇ ಬಂದ ತಾಯಿ ಮಗಳು ಅದೇ ಬೆಂಚಿನಲ್ಲಿ ಕೂತಿದ್ದರು. ಹುಡುಗಿಗೆ ಇಪ್ಪತ್ತಿರಬಹುದು. ಕತ್ತಿನ ಸುತ್ತ ದಪ್ಪನೆಯ ಕಪ್ಪು ಪಟ್ಟಿ, ಅದರ ಮೇಲೆ ಹಸಿ ಗಾಯ.

“ಕೊಳೆ ಅನ್ಕಂಡೆ ಕಣೆ. ಭಾನ್ವಾರ ಗಂಡಿನ್ ಕಡೆಯೋರು ಬತ್ತಾವ್ರೆ.”

“ಡಾಕ್ಟ್ರು ಅಂದದ್ದು ಕೇಳುಸ್ನಿಲ್ವಾ? ಮೈಗೆ ಇನ್ಸುಲಿನ್ ಹಿಡೀತಿಲ್ವಂತೆ. ಅದು ರಕ್ತದಲ್ಲಿ ಎಚ್ಚಾಗಿ ಚರ್ಮ ದಪ್ಪ ಬೆಳೆದು ಕಪ್ಪಾಯ್ತದಂತೆ. ಉಜ್ಜಿದ್ರೆ ಓಯ್ತದಾ?”

“ಮೆತ್ತಗ್ ಮಾತಾಡು! ಜನ ಕೂತವ್ರೆ.”

“ರಕ್ತ ಪರೀಕ್ಷೆ ಚೀಟಿ ಕೊಡವ್ವ.”

“ಮದ್ವೆ ಆಗ್ಲಿ, ಆಮೇಕೆ ನೋಡನ. ಈ ಊರ ಲ್ಯಾಬಲ್ಲಿರೋನು ಗಂಡಿನ್ ಸೋದರಮಾವ ಕಣೆ. ಸಕ್ರೆ ಕಾಯ್ಲೆ ಅಂತ ಗೊತ್ತಾದ್ರೆ ಯಾವನ್ ಕಟ್ಕತ್ತಾನೆ ನಿನ್ನ?”

“ಅಪ್ಪನ್ ಸಕ್ರೆ ಚೀಟೀನೂ ಇಂಗೇ ಬಚ್ಚಿಟ್ಟೆ. ಅಕ್ಕನ್ ಮದ್ವೆ ಆಗ್ಲಿ ಅಂದೆ. ಧಾರೆ ಹೊತ್ಗೆ ಅಪ್ಪನ್ ಎಡಗಾಲು ಕತ್ತರ್ಸಾಗಿತ್ತು.”

ತಾಯಿ ಚೀಟಿಯನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಸೇರಿಸಿದಳು. ಆ ಹೆಂಗಸಿಗೆ ನಾಲ್ಕು ಮಾತು ಬಯ್ಯಬೇಕೆಂದು ಹೊನ್ನಯ್ಯನ ನಾಲಿಗೆ ತುದಿಯವರೆಗೆ ಬಂದಿತ್ತು, ಅಷ್ಟರಲ್ಲಿ ಹುಡುಗಿ ಎದ್ದಳು.

“ಎಲ್ಲಿಗೆ ಕಣೆ?”

“ಮಂಡ್ಯಕ್ಕೆ. ದೊಡ್ಡಾಸ್ಪತ್ರೇಲಿ ನಾನೇ ತೋರ್ಸ್ಕತ್ತೀನಿ.”

“ಓದ್ರೆ ಮನೆ ಬಾಗ್ಲಿಗೆ ಬರ್ಬ್ಯಾಡ!”

ಹುಡುಗಿ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ ಎಂದು ತಾಯಿ ಗಟ್ಟಿಯಾಗಿಯೇ ಹೇಳಿಕೊಂಡಳು. ಹೊನ್ನಯ್ಯ ಡಾಕ್ಟರನ್ನು ಕಂಡು ಹೊರಬರುವಾಗಲೂ ಅವಳು ಒಬ್ಬಳೇ ಕೂತಿದ್ದಳು.