ಲಾಗಿನ್ ಪುಟ ಬಾಯಿ ಬಿಟ್ಟದ್ದು

ಹೇಳಿಕೆ ಕೊಡುವವರು: ಹೆಂಗಸು, ವಯಸ್ಸು ನಲವತ್ತೊಂದು. ಉದ್ಯೋಗ: ವೆಬ್ ಅಪ್ಲಿಕೇಶನ್‌ಗಳಿಗೆ ಕೋಡ್ ಬರೆಯುವುದು. ವಾಸ: ಕಚೇರಿಯ ಹಿಂದಿನ ಬೀದಿ, ಮೂರನೇ ಮಹಡಿ.

ಠಾಣೆಗೆ ನಾನಾಗಿಯೇ ಬಂದು ಬರೆಯಿಸುತ್ತಿರುವುದೇನೆಂದರೆ,

ನಾನು ಎಂಟು ವರ್ಷಗಳಿಂದ ಒಂದು ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರು ನಮ್ಮ ವೆಬ್‌ಸೈಟಿಗೆ ಲಾಗಿನ್ ಆಗಿ ತಮ್ಮ ಕಷ್ಟವನ್ನು ಗುಟ್ಟಾಗಿ ಬರೆಯುತ್ತಾರೆ. ಆ ಲಾಗಿನ್ ಕೋಡನ್ನು ಮೊದಲು ಬರೆದವಳು ನಾನು. ಕೇಂದ್ರದ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತೇವೆ. ಬಂದವರಿಗೆಲ್ಲ ನನ್ನನ್ನು ತೋರಿಸಿ, ಇವಳು ನನ್ನ ಬಲಗೈ ಎನ್ನುತ್ತಿದ್ದರು. ಕಳೆದ ವರ್ಷ ಇಪ್ಪತ್ತಾರರ ಹುಡುಗಿಯೊಬ್ಬಳು ನನ್ನ ಕೈಕೆಳಗೆ ಸೇರಿದಳು. ಅವಳಿಗೆ ಚಿನ್ನು ಎಂದು ಹೆಸರಿಟ್ಟವರು ಮೇಡಂ. ಎಂಟು ವರ್ಷದಲ್ಲಿ ನನಗೊಂದು ಮುದ್ದಿನ ಹೆಸರು ಇಡಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ಕಿಟಕಿ ಪಕ್ಕದ ನನ್ನ ಮೇಜನ್ನೂ ಅವಳಿಗೆ ಬೆಳಕು ಬೇಕೆಂದು ಅವಳಿಗೇ ಕೊಟ್ಟರು. ಇದಕ್ಕೂ ಪ್ರಕರಣಕ್ಕೂ ಏನು ಸಂಬಂಧವೆಂದು ಬರೆದುಕೊಳ್ಳುತ್ತಿರುವ ಪೇದೆಯವರು ಕೇಳಿದರು. ಸಂಬಂಧ ಇದೆ.

ಎರಡು ತಿಂಗಳ ಹಿಂದೆ ಮೇಡಂ, ಲಾಗಿನ್ ಪುಟ ತೀರ ಗಡುಸಾಗಿದೆ, ಹೆಂಗಸರು ಗಾಬರಿಯಾಗುತ್ತಾರೆ ಎಂದರು. ನನ್ನ ಕೋಡಿನಲ್ಲಿ ಏನು ತಪ್ಪಿದರೂ "ಇಮೇಲ್ ಅಥವಾ ಪಾಸ್‌ವರ್ಡ್ ಸರಿಯಿಲ್ಲ" ಎಂಬ ಒಂದೇ ಉತ್ತರ ಬರುತ್ತಿತ್ತು. ಚಿನ್ನು ಅದನ್ನು ಎರಡು ಮಾಡಿದಳು. ಇಮೇಲ್ ನಮ್ಮಲ್ಲಿ ಇಲ್ಲದಿದ್ದರೆ "ಈ ಇಮೇಲ್ ನೋಂದಣಿಯಾಗಿಲ್ಲ" ಎಂದೂ, ಇದ್ದರೆ "ಪಾಸ್‌ವರ್ಡ್ ತಪ್ಪಾಗಿದೆ, ಇನ್ನೊಮ್ಮೆ ಪ್ರಯತ್ನಿಸಿ" ಎಂದೂ ಬರುವಂತೆ ಬರೆದಳು. ಮೇಡಂ ಎಲ್ಲರನ್ನೂ ಕರೆದು ತೋರಿಸಿದರು.

ಹೀಗೆ ಮಾಡಿದರೆ ನಮ್ಮಲ್ಲಿ ಯಾರು ಸೇರಿದ್ದಾರೆಂದು ಪುಟವೇ ಕಂಡಕಂಡವರ ಮುಂದೆ ಬಾಯಿ ಬಿಡುತ್ತದೆ ಎಂದು ನಾನು ಹೇಳಿದೆ. ಹೇಳಿದ ಧಾಟಿ ಚೆನ್ನಾಗಿರಲಿಲ್ಲ. ಶಾಲೆ ಮಕ್ಕಳೂ ಇಂಥ ತಪ್ಪು ಮಾಡುವುದಿಲ್ಲ ಎಂದೂ ಸೇರಿಸಿದೆ. ಚಿನ್ನು ತಲೆ ತಗ್ಗಿಸಿದಳು. ಮೇಡಂ, "ಅವಳು ಏನ್ ಮಾಡಿದ್ರೂ ನೀನು ಮೊಸರಲ್ಲಿ ಕಲ್ಲು ಹುಡುಕ್ತೀಯ. ಇಷ್ಟೊಂದು ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣೇ" ಎಂದರು. ಹೊಟ್ಟೆಕಿಚ್ಚು ಇದ್ದದ್ದು ನಿಜವಾದ್ದರಿಂದ ನಾನು ಹೋಗಿ ನನ್ನ ಮೇಜಿನಲ್ಲಿ ಕೂತೆ. ಪುಟ ಹಾಗೆಯೇ ಉಳಿಯಿತು.

ನಿನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬಟ್ಟೆ ಹೊಲಿಯುವ ಹೆಂಗಸೊಬ್ಬರು ಮೊದಲ ಸಲ ಖುದ್ದಾಗಿ ಬಂದು ಒಳಕೋಣೆಯಲ್ಲಿ ಮೇಡಂ ಜೊತೆ ಮಾತಾಡುತ್ತಿದ್ದರು. ಅವರ ಗಂಡ ಮೊಬೈಲ್ ಎತ್ತಿ ಹಿಡಿದುಕೊಂಡು ಕಚೇರಿಯೊಳಗೆ ನುಗ್ಗಿದ. ತನ್ನ ಇಮೇಲ್ ಹಾಕಿದಾಗ ನೋಂದಣಿಯಾಗಿಲ್ಲ ಎಂದು ಬಂತೆಂದು ಕೂಗಿದ. "ಅವಳದ್ದು ಹಾಕಿದ್ರೆ ಪಾಸ್‌ವರ್ಡ್ ತಪ್ಪು ಅನ್ನುತ್ತೆ. ಅಂದ್ರೆ ಇಲ್ಲಿ ಸೇರ್ಕೊಂಡಿದ್ದಾಳೆ. ಕರೀರಿ ಹೊರಗೆ!"

ಆಗ ನನಗೆ ಮೊದಲು ಆದದ್ದು ಭಯವಲ್ಲ. ನಾನು ತಿರುಗಿ ಚಿನ್ನುವಿನ ಮುಖ ನೋಡಿದೆ, ಈಗಲಾದರೂ ತಿಳಿಯಿತೇ ಎಂದು. ತಿಳಿದಿತ್ತು. ನಾನು ನೋಡುತ್ತಿದ್ದಂತೆಯೇ ಅವಳು ಎದ್ದು ಹೋಗಿ ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಆ ಪುಟ ಸುಳ್ಳು ಹೇಳ್ತಿದೆ ಸಾರ್. ಬರೆದೋಳು ನಾನೇ. ನನಗೆ ಸರಿಯಾಗಿ ಬರೆಯೋಕೆ ಬರಲ್ಲ" ಎಂದಳು. ಅಷ್ಟು ಜನರ ಮುಂದೆ ಅಂದಳು.

ಅವನು ಎರಡೂ ಕೈಯಿಂದ ಅವಳನ್ನು ದೂಡಿದ. ಅವಳು ಬಿದ್ದಳು, ಬಿದ್ದರೂ ಬಾಗಿಲಿಗೆ ಅಡ್ಡವಾಗಿಯೇ ಇದ್ದಳು. ನಾನು ಪಕ್ಕದ ಬಾಗಿಲಿಂದ ಒಳಹೋಗಿ, ಹೊಲಿಗೆಯವರನ್ನು ಹಿಂದಿನ ಮೆಟ್ಟಿಲಿಂದ ಇಳಿಸಿ ಅವರ ಅಕ್ಕನ ಮನೆಗೆ ಮುಟ್ಟಿಸಿದೆ. ಆ ವಿಳಾಸವನ್ನು ಇಲ್ಲಿ ಬರೆಯಬಾರದೆಂದು ಕೋರುತ್ತೇನೆ. ಕೆಳಗಿನ ಅಂಗಡಿಯವರು ಆ ಗಂಡನನ್ನು ಹಿಡಿದು ನಿಮಗೆ ಒಪ್ಪಿಸಿದರು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಚಿನ್ನುವಿನ ಬಲಗೈ ಮಣಿಕಟ್ಟು ಮುರಿದಿತ್ತು. ಎಡಗೈ ಮೇಡಂ ಮಡಿಲಲ್ಲಿತ್ತು. "ಅಕ್ಕಾ, ನೀವು ಅವತ್ತೇ ಹೇಳಿದ್ರಿ" ಎಂದು ಚಿನ್ನು ಅತ್ತಳು. ಮೇಡಂ ಎದುರು ಆ ಮಾತು ಕೇಳಬೇಕೆಂದು ಎರಡು ತಿಂಗಳಿಂದ ಕಾದಿದ್ದೆ. ಮೇಡಂ, "ಈಗ ಅದೆಲ್ಲ ಯಾಕಮ್ಮ, ಮಲಕ್ಕೋ" ಎಂದು ಅವಳ ತಲೆ ಸವರಿದರು. ನನ್ನ ಕಡೆ ನೋಡಲಿಲ್ಲ. ಆಗಲೂ ನನ್ನ ಹೊಟ್ಟೆ ಉರಿಯಿತು. ಸರಿಯಾಗಿ ಹೇಳಿದವಳು ನಾನು. ಬಾಗಿಲಲ್ಲಿ ನಿಂತವಳು ಅವಳು.

ಸಂಜೆ ಕಚೇರಿಗೆ ಬಂದು ಒಂದೇ ಉತ್ತರ ಬರುವಂತೆ ಕೋಡ್ ತಿದ್ದಿದೆ. ಅಷ್ಟರಲ್ಲಿ ಚಿನ್ನು ಫೋನ್ ಮಾಡಿದಳು. ಇಮೇಲ್ ಇಲ್ಲದಾಗ ನಮ್ಮ ಪುಟ ಬೇಗ ಉತ್ತರಿಸುತ್ತದೆ, ಇದ್ದಾಗ ಪಾಸ್‌ವರ್ಡ್ ತಾಳೆ ನೋಡಿ ತಡವಾಗಿ ಉತ್ತರಿಸುತ್ತದೆ, ಜಾಣನಾದವನು ಅದರಿಂದಲೂ ಕಂಡುಹಿಡಿಯಬಲ್ಲ, ಎರಡಕ್ಕೂ ಒಂದೇ ಹೊತ್ತು ಹಿಡಿಯುವಂತೆ ಮಾಡಿ ಎಂದಳು. ಈ ಎಚ್ಚರಿಕೆ ನನ್ನ ಹಳೆಯ ಕೋಡಿನಲ್ಲೂ ಇರಲಿಲ್ಲ. ಇದೂ ಅವಳಿಗೇ ಹೊಳೆಯಬೇಕಿತ್ತೇ ಎಂದುಕೊಂಡೆ. ಆದರೂ ಅವಳು ಹೇಳಿದಂತೆಯೇ ಬರೆದೆ.

ಅವನಿಗೆ ಸುದ್ದಿ ಕೊಟ್ಟವರು ಯಾರೆಂದು ನೀವು ಕೇಳಿದ್ದೀರಿ. ಯಾರೂ ಕೊಟ್ಟಿಲ್ಲ, ಪುಟ ಕೊಟ್ಟಿತು. ಆ ಪುಟ ಯಾರದ್ದು ಎಂಬಲ್ಲಿ ಚಿನ್ನು ಒಬ್ಬಳ ಹೆಸರು ಹಾಕಬೇಡಿ. ನಮ್ಮಿಬ್ಬರದ್ದು ಎಂದು ಬರೆಯಿರಿ. ನಾನು ಹಿರಿಯಳು, ನನ್ನ ಹೆಸರು ಮೊದಲು ಬರಲಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ
ಸಹಿ