ಇನ್ನೊಂದ್ಸಲ ಕೀ ತಿರುಗಿಸು

...ಅಲ್ಲ ಮಾರಾಯ್ತಿ, ನಿನ್ನ ತಪ್ಪು ಅಂತ ನಾನೆಲ್ಲಿ ಹೇಳಿದೆ? ಕಾರು ಸ್ಟಾರ್ಟ್ ಆಗದೇ ಇರೋದಕ್ಕೂ ಓಡಿಸೋರಿಗೂ ಸಂಬಂಧ ಇಲ್ಲ. ಇಷ್ಟು ವರ್ಷ ಗಂಡನ ಕೈಗೆ ಒಗ್ಗಿದ ಗಾಡಿ. ಇವತ್ತು ಇದ್ದಕ್ಕಿದ್ದ ಹಾಗೆ ಹೆಂಡತಿ ಸ್ಟೀರಿಂಗ್ ಹಿಡಿದು ಕೂತಿದ್ದಾಳೆ, ಅದೂ ಹೊಸ ಆಸ್ಪತ್ರೆಯ ಮೇಟ್ರನ್ ಮೇಡಂ ಆಗಿ. ಹೆದರಿಕೊಂಡಿದೆ ಪಾಪ. ನಗ್ತಿದ್ದೀಯ ತಾನೇ? ಇಲ್ವಾ? ಬಾನೆಟ್ ಎತ್ತಿದ್ದೀನಿ, ನಿನ್ನ ಮುಖ ಕಾಣಲ್ಲ. ನಕ್ಕೆ ಅಂತಲೇ ಅಂದ್ಕೊಳ್ತೀನಿ.

ಈಗ ನಾನು ಹೇಳಿದ ಹಾಗೆ ಮಾಡು. ಹೆಡ್‌ಲೈಟ್ ಹಾಕು. ಹಾಂ, ಗೋಡೆ ಮೇಲೆ ಚೆನ್ನಾಗೇ ಬಿತ್ತು. ಅಂದ್ರೆ ಬ್ಯಾಟರೀಲಿ ಜೀವ ಇದೆ. ಲೈಟ್ ಆರಿಸದೆ ಕೀ ತಿರುಗಿಸು. ನೋಡಿದ್ಯಾ, ಪೂರ್ತಿ ಹೋಯ್ತು. ಬಿಡು... ಮತ್ತೆ ಬಂತು. ಲೈಟು ಮೆಲ್ಲಗೆ ಮಂಕಾಗಿದ್ರೆ ಬ್ಯಾಟರಿ ಇಳಿದಿದೆ ಅಂತ. ಮಂಕಾಗದೆ ಬರೀ ಟಕ್ ಅಂದಿದ್ರೆ ಸ್ಟಾರ್ಟರ್ ಮೋಟರ್ ಕೆಟ್ಟಿದೆ ಅಂತ. ಹೀಗೆ ಒಂದೇ ಏಟಿಗೆ ಆರಿಹೋದ್ರೆ... ಅದು ಬೇರೆ ಕಾಯಿಲೆ. ದೊಡ್ಡದು. ಆಮೇಲೆ ಹೇಳ್ತೀನಿ.

ಗೊತ್ತು, ಹತ್ತು ಗಂಟೆಗೆ ಅಲ್ಲಿ ಸಹಿ ಹಾಕಬೇಕು. ಹಾಕದಿದ್ರೆ ಕೆಲಸ ಪಟ್ಟೀಲಿರೋ ಎರಡನೇ ಹೆಸರಿನವಳಿಗೆ ಹೋಗುತ್ತೆ, ಅದೂ ಗೊತ್ತು. ನಿದ್ದೇಲೂ ಅದನ್ನೇ ಕನವರಿಸ್ತಿದ್ದೆ ನೀನು. ಟ್ಯಾಕ್ಸಿ ಯಾಕೆ? ಅವನು ನಮ್ಮ ಗಲ್ಲಿ ಹುಡುಕೋಷ್ಟರಲ್ಲಿ ನಾನಿದನ್ನ ಎಬ್ಬಿಸಿ ಕೂರಿಸಿರ್ತೀನಿ. ಸ್ವಲ್ಪ ತಾಳ್ಮೆ ತಗೋ.

ಇಲ್ನೋಡು, ಬ್ಯಾಟರಿಗೆ ವೈರ್ ಕಚ್ಚೋ ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದೆ. ಇದನ್ನ ಉಜ್ಜಬೇಕು. ನಿನ್ನ ಹಳೇ ಟೂತ್‌ಬ್ರಷ್ ತಂದಿದ್ದೀನಿ... ಹಳೇದೇ ಅಂದ್ಕೊಂಡೆ. ನೀಲಿದು ನಿಂದಾ? ಸಂಜೆ ಹೊಸದು ತರ್ತೀನಿ ಬಿಡು.

ಏನಂದೆ? ಅಯ್ಯೋ, ನಿಮ್ಮಣ್ಣನ ಕಾರಿನ ವಿಷಯ ಈಗ್ಯಾಕೆ? ಬ್ರೇಕ್ ಒತ್ತಿದಾಗೆಲ್ಲ ಹಾರ್ನ್ ಹೊಡೆಯೋ ಹಾಗೆ ವೈರ್ ಸೇರಿಸಿದ್ದು ನಾನೇ, ಒಪ್ಕೊಂಡಿದ್ದೀನಲ್ಲ. ಊರೆಲ್ಲ ದಾರಿ ಬಿಟ್ಟುಕೊಡ್ತು ಅವರಿಗೆ. ಮಂತ್ರಿ ಬಂದ ಹಾಗೆ ಹೋದ್ರು. ಅವತ್ತು ನೀನೇ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ತಮಾಷೆ. ಇದು ಗಾಡಿ ತಾನಾಗಿ ಕೆಟ್ಟಿರೋದು.

ತಿರುಗಿಸು ಇನ್ನೊಂದ್ಸಲ. ಹೂಂ... ಅದೇ ಕಥೆ.

ಒಂದು ಮಾತು ಹೇಳ್ಲಾ, ಬೇಜಾರು ಮಾಡ್ಕೋಬಾರ್ದು. ಈಗ ಇದನ್ನ ಸರಿ ಮಾಡಿಬಿಡ್ತೀನಿ. ಆದ್ರೆ ಇಂಥ ಗಾಡಿ ತಗೊಂಡು ನೀನೊಬ್ಬಳೇ ಅಷ್ಟು ದೂರ ಹೋಗೋದು... ಸೇತುವೆ ಮಧ್ಯ ನಿಂತುಬಿಟ್ರೆ? ಹಿಂದಿಂದ ಲಾರಿಯವರು ಬೈತಿರ್ತಾರೆ, ನೀನು ಒಬ್ಬಳೇ. ನಾನು ಬಿಟ್ಟು ಬರ್ತೀನಿ. ಸಂಜೆ ಕರ್ಕೊಂಡು ಬರ್ತೀನಿ. ಮೊದಲಿನ ಹಾಗೇ. ಲೈಸೆನ್ಸ್ ಇರಲಿ ಬಿಡು, ಅದೇನು ಅನ್ನ ಕೇಳುತ್ತಾ. ನನಗಾದ್ರೂ ಏನು ಕೆಲಸ ಇದೆ? ನನ್ನ ಅಂಗಡಿ ಪೂರ್ತಿ ಮುಚ್ಚಿಹೋದ ಮೇಲೆ ನಿನ್ನ ಬಿಡೋದು, ಕರ್ಕೊಂಡು ಬರೋದು, ಅದೇ ತಾನೇ ನನ್ನ ಕೆಲಸ. ಮನೇಲಿ ನಾನೇನು ಹೇಳಿದ್ರೂ ನೀನು ಪಾತ್ರೆ ಕಡೆ ನೋಡ್ತೀಯ. ಕಾರಲ್ಲಾದ್ರೆ ನಗ್ತೀಯ. ಸಿಗ್ನಲ್ ಹತ್ರ ಕೈ ಮೇಲೆ ಹೊಡೆದು ‘ಸುಳ್ಳು ಸಾಕು’ ಅಂತೀಯ. ಆ ಹೊಡೆತಕ್ಕೋಸ್ಕರವೇ ನಾನು ರಾತ್ರಿಯೆಲ್ಲ ಕೂತು ಸುಳ್ಳು ಕಟ್ಟೋದು.

ಯಾಕೆ ಮಾತಿಲ್ಲ? ಕೋಪ ಬಂತಾ? ಸರಿ, ಕೋಪ ಆಮೇಲೆ. ತಿರುಗಿಸು. ಹೂಂ, ಟಕ್ ಅಂತು, ಕೇಳಿಸ್ತಾ? ಇನ್ನೊಂದ್ಸಲ... ಈ ಸಲ ಎರಡು ಟಕ್. ಕಾಯಿಲೆ ಬೆಳೀತಾ ಇದೆ. ಇನ್ನೊಂದೇ ಒಂದ್ಸಲ. ಆಹಾ, ಈಗ ಗೊತ್ತಾಯ್ತು, ಈ ಸದ್ದು ನಾನು ಚೆನ್ನಾಗಿ ಬಲ್ಲೆ, ಇದು ಸ್ಟಾರ್ಟರ್ ಒಳಗಿಂದ ಬರ್ತಿರೋ...

ನೀನು ಯಾವಾಗ ಇಳಿದೆ?

ಅಲ್ಲ... ಎಷ್ಟು ಹೊತ್ತಿಂದ ನನ್ನ ಬೆನ್ನ ಹಿಂದೆ ನಿಂತಿದ್ದೀಯ? ಕೀ... ಕೀ ನಿನ್ನ ಕೈಲೇ ಇದೆ. ಹಾಗಾದ್ರೆ ಈಗ ಟಕ್ ಅಂದಿದ್ದು... ಪಕ್ಕದ ಮನೆಯವರ ಗೇಟಿನ ಚಿಲಕ ಇರಬೇಕು. ಎರಡು ಸಲ... ಅವರು ಎರಡು ಸಲ ಹಾಕ್ತಾರೆ.

ಬೈಯಿ. ಹಾಗೆ ನೋಡಬೇಡ. ಯಾವ ಜೇಬು? ಪೈಜಾಮದ್ದಾ? ಅದರಲ್ಲೇನಿದೆ, ಕರ್ಚೀಫು... ಸ್ಪ್ಯಾನರು. ಹೌದು, ಸ್ಪ್ಯಾನರೇ. ಹಾಲು ತರೋಕೆ ಅಂತ ಎದ್ದೆನಲ್ಲ, ಆಗ. ಟರ್ಮಿನಲ್ ಬೋಲ್ಟು ಒಂಚೂರು ಸಡಿಲ ಮಾಡಿದ್ದೆ, ಅದಕ್ಕೇ ಲೈಟು ಒಂದೇ ಏಟಿಗೆ ಆರಿದ್ದು. ನಿನ್ನ ಕೆಲಸ ತಪ್ಪಿಸೋಕಲ್ಲ, ದೇವರಾಣೆ. ಇಷ್ಟು ಹೊತ್ತು ಎಳೀಬೇಕು ಅಂತಿರಲಿಲ್ಲ. ನೀನು ಒಮ್ಮೆ, ಒಂದೇ ಒಮ್ಮೆ ‘ಭಯ ಆಗ್ತಿದೆ, ನೀವೇ ಬನ್ನಿ’ ಅಂದಿದ್ರೆ ತಕ್ಷಣ ಬಿಗಿ ಮಾಡಿಬಿಡ್ತಿದ್ದೆ. ನೀನು ಅನ್ನಲೇ ಇಲ್ಲ. ನಾನು ಕಾಯ್ತಾ ಕಾಯ್ತಾ...

ಸರಿ. ಸರಿ, ಬಿಗಿ ಮಾಡ್ತೀನಿ. ಆಯ್ತು ನೋಡು, ಅಲ್ಲಾಡ್ತಿಲ್ಲ. ನೀನೇ ಮುಟ್ಟಿ ನೋಡು. ಹೂಂ, ಇನ್ನು ನಾನು ಹೇಳೋದನ್ನ ನೀನೇ ಮುಟ್ಟಿ ನೋಡ್ಕೋಬೇಕು, ನ್ಯಾಯವೇ.

ಒಂದೇ ತಿರುವಿಗೆ ಎದ್ದುಬಿಡ್ತು. ಎಂಥ ಒಳ್ಳೇ ಗಾಡಿ. ಇನ್ನೂ ಟೈಮಿದೆ, ಆರಾಮಾಗಿ ಮುಟ್ತೀಯ. ನಾನು ಪಕ್ಕದಲ್ಲಿ ಕೂತ್ಕೊಳ್ಲಾ? ಬಾಯಿ ಬಿಡಲ್ಲ... ಬೇಡ. ಹಿಂದಿನ ಸೀಟಲ್ಲಿ? ಬೇಡ, ಬೇಡ, ಗೊತ್ತಾಯ್ತು. ಗೇಟು ತೆಗೀತೀನಿ.

ಗ್ಲಾಸ್ ಏರಿಸೋ ಮುಂಚೆ ಒಂದು ವಿಷಯ. ತಮಾಷೆ ಅಲ್ಲ, ನಿಜವಾಗಲೂ. ಒಳಗಿನ ಕನ್ನಡಿ ಸರಿ ಮಾಡ್ಕೋ. ನಿನ್ನೆ ನಾನು ಓಡಿಸಿದ್ದೆನಲ್ಲ, ಅದಿನ್ನೂ ನನ್ನ ಎತ್ತರಕ್ಕೇ ಇದೆ.