ಏರಿನಲ್ಲಿ ನೋಡಿದ ಆಯಿಲ್

ಕಗ್ಗದಾಸಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶ್ರೀವಿದ್ಯಾಳಿಗೆ, ಪಕ್ಕದ ಏರಿನಲ್ಲಿ ಮೂತಿ ಮೇಲೆತ್ತಿ ನಿಂತಿದ್ದ ಸೊಪ್ಪಿನ ಪಿಕಪ್ಪಿನ ಬಳಿಯಿಂದ ಅಪ್ಪ ಮಗಳ ಮಾತು ಕೇಳಿಸಿತು.

“ಆಯಿಲ್ ಸರಿಯಾಗಿ ನೋಡಿದ್ರೆ ರಸೆಲ್ ಮಾರ್ಕೆಟ್‌ಗೆ ನೀನೊಬ್ಳೇ ಹೋಗು, ರಮ್ಯ. ಇಲ್ಲಾಂದ್ರೆ ಸ್ಟೇರಿಂಗ್ ನಂದು.”

ಮಗಳು ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದಳು. ಆಯಿಲ್ ಕಡ್ಡಿಯ ಮೇಲಿನ ಎರಡು ಗೆರೆಗಳಲ್ಲಿ ಕೆಳಗಿನದನ್ನೂ ಮುಟ್ಟಿರಲಿಲ್ಲ.

“ಕಮ್ಮಿ ಐತೆ. ಸುರಿ,” ಎಂದು ಅಪ್ಪ ಡಬ್ಬ ಚಾಚಿದ.

“ಸುರಿಯಲ್ಲಪ್ಪ. ಏರಲ್ಲಿ ನಿಲ್ಸಿದೀಯ, ಆಯಿಲೆಲ್ಲ ಹಿಂದಕ್ಕೆ ಹೋಗಿರತ್ತೆ.”

“ನೀನು ಹುಟ್ಟೋಕೆ ಮುಂಚಿಂದ ಗಾಡಿ ಓಡಿಸ್ತಿದೀನಿ ಕಣಮ್ಮ.”

“ಹಿಂಗೇ ಆಯಿಲ್ ಜಾಸ್ತಿ ಸುರೀತೀಯ, ಅದಕ್ಕೇ ನಾನು ಹುಟ್ಟಿದಾಗಿಂದ ಹೊಗೆ ನೋಡ್ತಿದೀನಿ!”

ಹುಡುಗಿಯ ಲೆಕ್ಕ ತಪ್ಪಿದರೇನು ಗತಿ ಎಂಬ ಆತಂಕದಲ್ಲಿ ಶ್ರೀವಿದ್ಯಾ ಬಂದ ಬಸ್ಸನ್ನೇ ಬಿಟ್ಟಳು.

ರಮ್ಯ ಗಾಡಿಯನ್ನು ಸಮತಟ್ಟು ಜಾಗಕ್ಕೆ ಇಳಿಸಿ, ಇಂಜಿನ್ ಆರಿಸಿ, ಆಯಿಲ್ ತಳಕ್ಕಿಳಿಯುವವರೆಗೆ ಕೈಕಟ್ಟಿ ಕಾದಳು. ಈ ಸಲ ಕಡ್ಡಿಯಲ್ಲಿ ಆಯಿಲ್ ಎರಡು ಗೆರೆಗಳ ನಡುವೆ ನಿಂತಿತ್ತು.

ಅಪ್ಪ ಡಬ್ಬದ ಮುಚ್ಚಳ ಬಿಗಿದ.

“ನೀನು ಬರಲ್ವಾ?” ರಮ್ಯ ಕೇಳಿದಳು.

“ನಾನು ಕೂತ್ರೆ ಎರಡು ಮೂಟೆ ಸೊಪ್ಪಿನ ಜಾಗ ದಂಡ.”

ಮಿಕ್ಕಿದ್ದ ಮೂಟೆಗಳನ್ನು ಪಕ್ಕದ ಸೀಟಿಗೇರಿಸಿ ಅವನು ಬಾಗಿಲು ಹಾಕಿದ. ಪಿಕಪ್ ಬೈಯಪ್ಪನಹಳ್ಳಿಯ ಕಡೆ ಹೊರಟಿತು.